ಜೀರ್ಣೋದ್ಧಾರಗೊಂಡ ಹಳೆಯ ಗೋಪುರ, ಸಾರ್ವಜನಿಕ ವೀಕ್ಷಣೆಯ ದಿನ: ಏನನ್ನು ನೋಡಬೇಕು, ಏನನ್ನು ಕೇಳಬೇಕು?

ಪ್ರಶ್ನೆ: ಕುತೂಹಲಿ

ಎಲ್ಲರಿಗೂ ನಮಸ್ಕಾರ. ಬಹಳ ಕಾಲ ಸಾರುವೆಯ ಮರೆಯಲ್ಲಿದ್ದ ಐತಿಹಾಸಿಕ ಗೋಪುರವೊಂದರ ಜೀರ್ಣೋದ್ಧಾರ ಮುಗಿದಿದೆ. ಮುಂದಿನ ತಿಂಗಳು ಒಂದು ದಿನದ ಮಟ್ಟಿಗೆ ಅದನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ ಎಂದು ಪ್ರಕಟಣೆ ಬಂದಿದೆ. ಉಳಿದ ದಿನಗಳಲ್ಲಿ ಒಳಗೆ ಪ್ರವೇಶವಿಲ್ಲದಿರುವುದರಿಂದ ಈ ಅವಕಾಶವನ್ನು ಬಿಡಲು ನನಗೆ ಮನಸ್ಸಿಲ್ಲ. ನನ್ನೊಂದಿಗೆ ಮಂಡಿನೋವಿರುವ ನನ್ನ ತಾಯಿಯವರೂ ಹನ್ನೊಂದು ವರ್ಷದ ಮಗನೂ ಬರಲಿದ್ದಾರೆ.

ಸುಮ್ಮನೆ ಮೇಲಕ್ಕೆ ಹತ್ತಿ, ಸುತ್ತಲ ನೋಟ ಕಂಡು, ಭಾವಚಿತ್ರ ತೆಗೆದುಕೊಂಡು ಇಳಿದು ಬರುವುದರಲ್ಲಿ ನನಗೆ ತೃಪ್ತಿಯಿಲ್ಲ. ಇಷ್ಟು ವರ್ಷ ಅಲ್ಲಿ ನಡೆದ ಕೆಲಸವೇನು, ಗೋಡೆಯಲ್ಲಿ ಮೂಲದ್ದು ಯಾವುದು ಮತ್ತು ಹೊಸದಾಗಿ ಸೇರಿಸಿದ್ದು ಯಾವುದು ಎಂಬುದನ್ನು ನನ್ನಂಥ ಸಾಮಾನ್ಯ ನೋಡುಗರು ಗುರುತಿಸುವುದು ಹೇಗೆ? ಅಲ್ಲಿರುವ ಮಾರ್ಗದರ್ಶಕರನ್ನು ಏನು ಕೇಳಿದರೆ ಉಪಯುಕ್ತ ಉತ್ತರ ಸಿಗುತ್ತದೆ? ತಾಯಿಯವರನ್ನು ಸುರುಳಿ ಮೆಟ್ಟಿಲು ಹತ್ತಿಸುವುದು ಸರಿಯೇ? ಇನ್ನೂ ಒಂದು ಸಂದೇಹವಿದೆ. ಇಷ್ಟೊಂದು ಕಲ್ಲು ಬದಲಾದ ಮೇಲೆ ನಾವು ನೋಡುವುದು ಆ ಹಳೆಯ ಗೋಪುರವನ್ನೇ ಎಂದು ಹೇಳಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಗಾರೆಕೆಲಸದವನು

ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸದಲ್ಲಿ ತೊಡಗಿಕೊಂಡಿರುವವನಾಗಿ ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ಏಕೆಂದರೆ ಇಂಥ ದಿನಗಳಲ್ಲಿ ಬರುವ ಬಹುಪಾಲು ಜನ ನೇರವಾಗಿ ಮೆಟ್ಟಿಲಿನ ಬಾಗಿಲಿಗೇ ಧಾವಿಸುತ್ತಾರೆ. ನಾವು ವರ್ಷಗಟ್ಟಲೆ ಮಾಡಿದ ಕೆಲಸದ ಬಹುಭಾಗ ಹೊರಗೋಡೆಯಲ್ಲಿಯೇ ಕಾಣಿಸುತ್ತಿರುತ್ತದೆ.

ಆದ್ದರಿಂದ ಒಳಗೆ ಹೋಗುವ ಮುನ್ನ ಗೋಪುರದ ಎತ್ತರಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ ನಿಂತು ಇಡೀ ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿರಿ. ಬಣ್ಣದಲ್ಲಿ ಸಣ್ಣ ವ್ಯತ್ಯಾಸವಿರುವ ಕಲ್ಲುಗಳು ಎಲ್ಲಿ ಗುಂಪಾಗಿವೆ ಎಂಬುದನ್ನು ಗಮನಿಸಿದರೆ ಗೋಪುರಕ್ಕೆ ಎಲ್ಲಿ ಪೆಟ್ಟು ಬಿದ್ದಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಮಳೆ ಬೀಸಿ ಹೊಡೆಯುವ ದಿಕ್ಕು, ನೀರು ಸುರಿಯುವ ದೋಣಿಗಳ ಕೆಳಭಾಗ, ಶಿಖರದ ಅಂಚು ಮತ್ತು ನೆಲದ ತೇವ ಮೇಲೇರುವ ಬುಡ, ಈ ಕಡೆಗಳಲ್ಲಿಯೇ ಕಲ್ಲು ಹೆಚ್ಚು ಸವೆದು ಬದಲಾವಣೆಯಾಗಿರುತ್ತದೆ. ನಂತರ ಹತ್ತಿರ ಹೋಗಿ ಕಲ್ಲಿನ ಮೈಯನ್ನು ನೋಡಿ. ಕೈಯಿಂದ ಉಳಿ ಹಿಡಿದು ಕೆತ್ತಿದ ಕಲ್ಲಿನಲ್ಲಿ ಏಟುಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ, ಯಂತ್ರದಿಂದ ಕೊಯ್ದ ಕಲ್ಲಿನ ಮೈ ಸಮವಾಗಿರುತ್ತದೆ. ಬೆಳಗಿನ ಅಥವಾ ಸಂಜೆಯ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಈ ಉಳಿಯ ಗುರುತುಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ನಡು ಮಧ್ಯಾಹ್ನದ ಬೆಳಕಿನಲ್ಲಿ ಅವು ಮರೆಯಾಗಿಬಿಡುತ್ತವೆ.

ಹೊಸ ಕಲ್ಲು ಹಳೆಯದರಿಂದ ಬೇರೆಯಾಗಿ ಕಂಡರೆ ಅದು ಕೆಲಸದ ದೋಷ ಎಂದು ದಯವಿಟ್ಟು ಭಾವಿಸಬೇಡಿ. 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಈ ಕ್ಷೇತ್ರದಲ್ಲಿ ಇಂದಿಗೂ ಆಧಾರವಾಗಿರುವ ದಾಖಲೆ. ಕಳೆದುಹೋದ ಭಾಗದ ಜಾಗದಲ್ಲಿ ಸೇರಿಸುವುದು ಒಟ್ಟು ಕಟ್ಟಡದೊಂದಿಗೆ ಹೊಂದಿಕೊಳ್ಳಬೇಕು, ಆದರೆ ಅದೇ ಕಾಲಕ್ಕೆ ಮೂಲದಿಂದ ಬೇರೆಯಾಗಿ ಗುರುತಿಸುವಂತೆಯೂ ಇರಬೇಕು ಎಂಬುದು ಅದರ ನಿಲುವು. ಎಲ್ಲಿಂದ ಬರೀ ಊಹೆ ಆರಂಭವಾಗುತ್ತದೆಯೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕೆಂದೂ ಅದು ಹೇಳುತ್ತದೆ. ಆದ್ದರಿಂದ ಮುರಿದ ಶಿಲ್ಪವೊಂದನ್ನು ಮುರಿದಂತೆಯೇ ಬಿಟ್ಟಿದ್ದರೆ, ಅದರ ಮೂಲರೂಪಕ್ಕೆ ಸಾಕ್ಷ್ಯ ದೊರೆತಿಲ್ಲವೆಂದೇ ಬಹುತೇಕ ಅರ್ಥ. ಹಾಗೆ ಬಿಟ್ಟವರನ್ನು ನಾನು ಗೌರವಿಸುತ್ತೇನೆ.

ದುರಸ್ತಿಯೂ ಇತಿಹಾಸದ ಭಾಗವೇ ಆಗುತ್ತದೆ ಎಂಬುದಕ್ಕೆ ದೆಹಲಿಯ ಕುತುಬ್ ಮಿನಾರ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಸಿಡಿಲು ಬಡಿದು ಮೇಲ್ಭಾಗ ಹಾಳಾದಾಗ ಫಿರೋಜ್ ಷಾ ತುಘಲಕ್ 1369ರಲ್ಲಿ ಅದನ್ನು ಸರಿಪಡಿಸಿದ. ಕೆಳಗಿನ ಅಂತಸ್ತುಗಳ ಕೆಂಪು ಮರಳುಗಲ್ಲಿನ ಮೇಲೆ ಅವನ ಕಾಲದ ಬಿಳಿ ಅಮೃತಶಿಲೆ ಬಂದು ಕೂತದ್ದನ್ನು ಇಂದಿಗೂ ಯಾರು ಬೇಕಾದರೂ ದೂರದಿಂದಲೇ ಗುರುತಿಸಬಹುದು. ಮುಂದೆ 1803ರ ಭೂಕಂಪದಲ್ಲಿ ತುದಿಯ ಗುಮ್ಮಟ ಬಿದ್ದಿತು. 1828ರಲ್ಲಿ ಬ್ರಿಟಿಷ್ ಎಂಜಿನಿಯರ್ ಮೇಜರ್ ರಾಬರ್ಟ್ ಸ್ಮಿತ್ ಮಿನಾರನ್ನು ದುರಸ್ತಿ ಮಾಡಿ ಅದರ ನೆತ್ತಿಯ ಮೇಲೆ ತನ್ನ ಕಲ್ಪನೆಯ ಮಂಟಪವೊಂದನ್ನು ಏರಿಸಿದ. ಅದು ಮಿನಾರಿಗೆ ಒಪ್ಪುವುದಿಲ್ಲವೆಂದು 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್‌ನ ಆದೇಶದಂತೆ ಕೆಳಗಿಳಿಸಲಾಯಿತು. ಆ ಮಂಟಪ ಈಗಲೂ ಅದೇ ಆವರಣದ ನೆಲದ ಮೇಲಿದೆ. ಒಂದು ದುರಸ್ತಿಯನ್ನು ಕಾಲ ಒಪ್ಪಿಕೊಂಡು ಇನ್ನೊಂದನ್ನು ತಿರಸ್ಕರಿಸಿದ್ದು ಏಕೆ ಎಂಬುದನ್ನು ನಿಮ್ಮ ಮಗನೊಂದಿಗೆ ಚರ್ಚಿಸಬಹುದು.

ಒಳಗೆ ಬಿರುಕುಗಳಿಗೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿ ಅಥವಾ ಅಳತೆಯ ಗುರುತುಗಳಿರುವ ಸಣ್ಣ ಫಲಕ ಕಂಡರೆ ಅಲ್ಲಿ ನಿಂತು ನೋಡಿ. ಗೋಡೆ ಇನ್ನೂ ಚಲಿಸುತ್ತಿದೆಯೇ ಎಂದು ತಿಳಿಯಲು ಇಟ್ಟ ಸಾಧನ ಅದು. ಗಾಜು ಒಡೆದರೆ ಬಿರುಕು ಜೀವಂತವಾಗಿದೆ ಎಂದು ಅರ್ಥ. ಮಾರ್ಗದರ್ಶಕರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: “ಈ ಹಿಂದೆ ನಡೆದಿದ್ದ ಯಾವ ದುರಸ್ತಿಯನ್ನು ನೀವು ಈ ಬಾರಿ ತೆಗೆದುಹಾಕಬೇಕಾಯಿತು?” ಹಳೆಯ ಕಟ್ಟಡಗಳಿಗೆ ಬಹಳಷ್ಟು ಹಾನಿಯಾಗಿರುವುದು ಒಳ್ಳೆಯ ಉದ್ದೇಶದಿಂದ ಮಾಡಿದ ದುರಸ್ತಿಗಳಿಂದಲೇ. ಅಥೆನ್ಸ್‌ನ ಪಾರ್ಥೆನಾನ್ ಗೋಪುರವಲ್ಲದಿದ್ದರೂ ಅದರ ಕಥೆ ಇಲ್ಲಿ ಸಲ್ಲುತ್ತದೆ. ಪ್ರಾಚೀನ ಗ್ರೀಕರು ಕಲ್ಲುಗಳನ್ನು ಜೋಡಿಸಿದ ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದು ತುಕ್ಕಿನಿಂದ ಕಾಪಾಡಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದವರು ಆ ರಕ್ಷಣೆಯಿಲ್ಲದೆ ಕಬ್ಬಿಣವನ್ನು ಕೂರಿಸಿದ್ದರಿಂದ ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಈಗ ಅವುಗಳನ್ನು ಕಿತ್ತು ಟೈಟಾನಿಯಂ ಕೊಂಡಿಗಳನ್ನು ಹಾಕಿದ್ದಾರೆ.

ಉತ್ತರ: ಸುರುಳಿಮೆಟ್ಟಿಲು

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ನಾನು ಇಂಥ ವೀಕ್ಷಣಾ ದಿನಗಳಲ್ಲಿ ಸ್ವಯಂಸೇವಕಿಯಾಗಿ ಮೆಟ್ಟಿಲಿನ ಬಳಿ ನಿಲ್ಲುವವಳು. ಆದ್ದರಿಂದ ತಾಯಿಯವರ ಮತ್ತು ಮಗನ ವಿಷಯವನ್ನಷ್ಟೇ ಬರೆಯುತ್ತೇನೆ.

ಮಂಡಿನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಹತ್ತುವಾಗ ಉಸಿರು ಸೋತರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ಭಾರವನ್ನು ಬಾಗಿದ ಮಂಡಿ ತಡೆಯಬೇಕಾಗುತ್ತದೆ. ಅದರ ಜೊತೆಗೆ ಸುರುಳಿ ಮೆಟ್ಟಿಲು ನಡುವಿನ ಕಂಬದ ಬಳಿ ಬೆರಳಗಲಕ್ಕೆ ಕಿರಿದಾಗಿ, ಹೊರಗೋಡೆಯ ಬಳಿ ಅಗಲವಾಗಿರುತ್ತದೆ. ಶತಮಾನಗಳ ಕಾಲ ಪಾದಗಳು ಊರಿದ ಜಾಗದಲ್ಲಿ ಕಲ್ಲು ಸವೆದು ತಗ್ಗಾಗಿರುವುದೂ ಉಂಟು. ಹೊರಗೋಡೆಯ ಕಡೆಯೇ ಪಾದ ಪೂರ್ತಿ ಊರಿ ನಡೆಯಬೇಕು, ಒಂದು ಕೈ ಸದಾ ಹಗ್ಗ ಅಥವಾ ಕಂಬಿಯ ಮೇಲಿರಬೇಕು. ಎರಡೂ ಕೈಗಳು ಖಾಲಿಯಿರಲಿ. ಹೆಗಲಚೀಲವೂ ಬೇಡ, ಏಕೆಂದರೆ ಅದು ಗೋಡೆಗೆ ಉಜ್ಜಿ ಸುಣ್ಣದ ಗಾರೆಯನ್ನೂ ಹಳೆಯ ಬರಹಗಳನ್ನೂ ಕೆಡಿಸುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ತಾಯಿಯವರು ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂದು ಕೇಳುವ ಬದಲು ಮಧ್ಯದಲ್ಲಿ ಹಿಂದಿರುಗಲು ಸಾಧ್ಯವೇ ಎಂದು ಆಯೋಜಕರನ್ನು ಕೇಳಿ. ಮೊದಲ ಅಂತಸ್ತಿನಲ್ಲಿ ನಿಲ್ಲಲು ಕೋಣೆಯಿದ್ದರೆ ಅವರು ಅಲ್ಲಿಯವರೆಗೆ ಬಂದು, ಮುಂದಿನ ಗುಂಪು ಇಳಿಯುವಾಗ ಅವರೊಂದಿಗೆ ಕೆಳಗಿಳಿಯಬಹುದು. ಮೆಟ್ಟಿಲು ಒಬ್ಬರೇ ಹಿಡಿಸುವಷ್ಟು ಕಿರಿದಾಗಿದ್ದು ನಡುವೆ ಎಲ್ಲಿಯೂ ಕೋಣೆಯಿಲ್ಲದಿದ್ದರೆ ಅವರು ಹತ್ತುವುದು ಬೇಡ. ಒಬ್ಬರು ನಡುದಾರಿಯಲ್ಲಿ ಕುಳಿತರೆ ಮೇಲಿರುವ ಎಲ್ಲರೂ ಅಲ್ಲಿಯೇ ಸಿಲುಕಿಕೊಳ್ಳುತ್ತಾರೆ.

ಒಂದು ಗುಂಪಿನಲ್ಲಿ ಕೆಲವರನ್ನಷ್ಟೇ ಬಿಡುವುದನ್ನು ಕಂಡು ಸಾಲಿನಲ್ಲಿ ನಿಂತವರು ಬೇಸರಗೊಳ್ಳುತ್ತಾರೆ. ಅವರಿಗೆ ನಾನು ಕುತುಬ್ ಮಿನಾರ್‌ನ ಇನ್ನೊಂದು ಘಟನೆಯನ್ನು ಹೇಳುತ್ತೇನೆ. 1981ರ ಡಿಸೆಂಬರ್ 4ರಂದು ಅದರ ಮೆಟ್ಟಿಲಿನಲ್ಲಿ ವಿದ್ಯುತ್ ಹೋಗಿ ಕತ್ತಲಾವರಿಸಿದಾಗ ಉಂಟಾದ ನೂಕುನುಗ್ಗಲಿನಲ್ಲಿ 45 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಅಂದಿನಿಂದ ಆ 379 ಮೆಟ್ಟಿಲುಗಳು ಸಾರ್ವಜನಿಕರಿಗೆ ಮುಚ್ಚಿಯೇ ಇವೆ. ಗೋಪುರದ ಮೆಟ್ಟಿಲಿನಲ್ಲಿ ತಪ್ಪಿಸಿಕೊಳ್ಳಲು ಬೇರೆ ದಾರಿ ಇರುವುದಿಲ್ಲ. ಗುಂಪಿನ ಮಿತಿ, ಏರುವ ಸಮಯ, ಇಳಿಯುವ ಸಮಯ ಇವೆಲ್ಲವೂ ಆ ಒಂದು ಸತ್ಯದಿಂದ ಹುಟ್ಟಿದ ನಿಯಮಗಳು. ನಿಮ್ಮ ಮಗನನ್ನು ನಿಮ್ಮ ಮುಂದೆ ಹತ್ತಿಸಿ, ಇಳಿಯುವಾಗ ನಿಮ್ಮ ಹಿಂದೆ ಬರಲು ಹೇಳಿ. ಆಗ ಎರಡೂ ಸಂದರ್ಭಗಳಲ್ಲಿ ನೀವು ಅವನಿಗಿಂತ ಕೆಳಗಿರುತ್ತೀರಿ.

ಗೋಪುರದಲ್ಲಿ ಗಂಟೆಯಿದ್ದರೆ ಅದು ಬಾರಿಸುವ ಹೊತ್ತನ್ನು ಮೊದಲೇ ತಿಳಿದುಕೊಳ್ಳಿ. ಲಂಡನ್ನಿನ ಎಲಿಜಬೆತ್ ಗೋಪುರದ ಬಿಗ್ ಬೆನ್ ಗಂಟೆ 13.7 ಟನ್ ತೂಗುತ್ತದೆ, ಅದರ ಬಳಿಗೆ ಹೋಗುವವರಿಗೆ ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ. ನಿಮ್ಮ ಗೋಪುರದ ಗಂಟೆ ಅಷ್ಟು ದೊಡ್ಡದಿರಲಾರದು, ಆದರೂ ಕಿರಿದಾದ ಕೋಣೆಯಲ್ಲಿ ಮಕ್ಕಳ ಕಿವಿಗೆ ಆ ಸದ್ದು ಜೋರೇ.

ಉತ್ತರ: ಇತಿಹಾಸದ ಓದುಗ

“ನಾವು ನೋಡುವುದು ಆ ಹಳೆಯ ಗೋಪುರವನ್ನೇ?” ಎಂಬ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ನಾನು ಪ್ರಯತ್ನಿಸುತ್ತೇನೆ. ಗಾರೆಕೆಲಸದವರು ಹೇಳಿದ ತತ್ತ್ವವನ್ನು ನಾನು ಗೌರವಿಸುತ್ತೇನೆ, ಆದರೆ ಹಳೆಯ ಕಲ್ಲು ಎಷ್ಟು ಉಳಿದಿದೆ ಎಂಬುದೊಂದೇ ಅಳತೆಗೋಲಾಗಬೇಕು ಎಂದು ಅದರಿಂದ ಅರ್ಥ ಮಾಡಿಕೊಳ್ಳಬಾರದು.

ವೆನಿಸ್‌ನ ಸಂತ ಮಾರ್ಕನ ಚೌಕದ ಗಂಟೆಗೋಪುರವನ್ನು ನೋಡಿ. 1902ರ ಜುಲೈ 14ರ ಬೆಳಿಗ್ಗೆ ಅದು ಇಡಿಯಾಗಿ ಕುಸಿಯಿತು. ಬಿರುಕುಗಳನ್ನು ಮೊದಲೇ ಗಮನಿಸಿ ಜನರನ್ನು ದೂರವಿರಿಸಿದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಗೋಪುರದಲ್ಲಿ ತೂಗುಹಾಕಿದ್ದ ಐದು ಗಂಟೆಗಳ ಪೈಕಿ ದೊಡ್ಡದೊಂದು ಮಾತ್ರ ಉಳಿಯಿತು. “ಇದ್ದಂತೆಯೇ, ಇದ್ದಲ್ಲಿಯೇ” ಎಂಬ ಸಂಕಲ್ಪದಿಂದ ನಗರ ಅದನ್ನು ಮತ್ತೆ ಕಟ್ಟಿ 1912ರ ಏಪ್ರಿಲ್ 25ರಂದು ಉದ್ಘಾಟಿಸಿತು. ಇಂದು ಅಲ್ಲಿ ಹೋಗುವವರು ಇಪ್ಪತ್ತನೆಯ ಶತಮಾನದ ಕಟ್ಟಡದೊಳಗೆ ಲಿಫ್ಟಿನಲ್ಲಿ ಮೇಲೇರುತ್ತಾರೆ. ಅದನ್ನು ನಕಲು ಎಂದು ಕರೆದು ಮುಖ ತಿರುಗಿಸಲು ನನಗೆ ಸಾಧ್ಯವಿಲ್ಲ, ಏಕೆಂದರೆ ಆ ಜಾಗದಲ್ಲಿ ಆ ಗೋಪುರ ಇರಲೇಬೇಕು ಎಂದು ಒಂದು ಊರು ನಿರ್ಧರಿಸಿದ್ದೂ ಅದರ ಇತಿಹಾಸವೇ. ಆದರೆ ಮರುನಿರ್ಮಾಣವೆಂಬುದನ್ನು ಮುಚ್ಚಿಡದೆ ನೋಡುಗರಿಗೆ ಹೇಳಬೇಕು. ಹೇಳಿದರೆ ಅದು ಪ್ರಾಮಾಣಿಕ, ಹೇಳದಿದ್ದರೆ ವಂಚನೆ. ನಿಮ್ಮ ಗೋಪುರದ ಮಾಹಿತಿ ಫಲಕಗಳು ಹೊಸದು ಯಾವುದು ಎಂದು ತಾವಾಗಿಯೇ ತಿಳಿಸುತ್ತವೆಯೇ ಎಂಬುದನ್ನು ಗಮನಿಸಿ.

ಇನ್ನೊಂದು ಮಾತು. ಜೀರ್ಣೋದ್ಧಾರದ ಅತ್ಯಂತ ಮುಖ್ಯ ಭಾಗ ಕಣ್ಣಿಗೆ ಕಾಣದೇ ಇರಬಹುದು. 1989ರ ಮಾರ್ಚಿನಲ್ಲಿ ಇಟಲಿಯ ಪಾವಿಯಾ ನಗರದ ಮಧ್ಯಯುಗೀನ ಗೋಪುರವೊಂದು ಹಠಾತ್ತನೆ ಕುಸಿದು ನಾಲ್ವರು ಸತ್ತರು. ಆ ಆಘಾತದ ಬೆನ್ನಿಗೇ, 1990ರ ಜನವರಿಯಲ್ಲಿ, ಪೀಸಾದ ವಾಲುಗೋಪುರವನ್ನು ಮುಚ್ಚಲಾಯಿತು. ಅದು ಮತ್ತೆ ತೆರೆದದ್ದು 2001ರ ಡಿಸೆಂಬರಿನಲ್ಲಿ. ಈ ಅವಧಿಯಲ್ಲಿ ಮೊದಲು ಎತ್ತರದ ಪಕ್ಕವಾದ ಉತ್ತರದ ಬುಡದ ಮೇಲೆ ನೂರಾರು ಟನ್ ಸೀಸದ ಗಟ್ಟಿಗಳನ್ನು ಹೇರಿ ವಾಲುವಿಕೆಯನ್ನು ತಡೆಹಿಡಿದರು. ಬಳಿಕ ಅದೇ ಪಕ್ಕದ ಅಡಿಯಿಂದ ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ ಮಣ್ಣನ್ನು ತುಸು ತುಸುವಾಗಿ ಹೊರತೆಗೆದರು. ಮಣ್ಣು ತೆರವಾದಷ್ಟೂ ಗೋಪುರ ಆ ಕಡೆಗೆ ನಿಧಾನವಾಗಿ ಕುಳಿತು, ಸುಮಾರು ಅರ್ಧ ಡಿಗ್ರಿಯಷ್ಟು ನೆಟ್ಟಗಾಯಿತು. ಪೂರ್ತಿ ನೆಟ್ಟಗೆ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಅಷ್ಟು ವರ್ಷಗಳ ಕೆಲಸದ ಫಲವನ್ನು ಅಲ್ಲಿಗೆ ಹೋದ ಪ್ರವಾಸಿ ಬರಿಗಣ್ಣಿನಿಂದ ಗುರುತಿಸಲಾರ. ಹಾಗಾಗಿ ನಿಮ್ಮ ಗೋಪುರದಲ್ಲಿಯೂ “ನೆಲದೊಳಗೆ ಮತ್ತು ಗೋಡೆಯೊಳಗೆ ಏನು ಮಾಡಿದ್ದೀರಿ?” ಎಂದು ಕೇಳಿ. ತಳಪಾಯ, ಒಳತುಂಬು, ನೀರು ಹರಿದು ಹೋಗುವ ದಾರಿ, ಸಿಡಿಲಿನ ಆಘಾತವನ್ನು ನೆಲಕ್ಕಿಳಿಸುವ ತಂತಿ ಇವುಗಳ ಬಗ್ಗೆ ಮಾತನಾಡಲು ಅಲ್ಲಿಯ ಎಂಜಿನಿಯರರು ಕಾದಿರುತ್ತಾರೆ, ಕೇಳುವವರು ಮಾತ್ರ ಅಪರೂಪ.

ಪ್ರಶ್ನೆ ಕೇಳಿದವರ ಮರುಮಾತು: ಕುತೂಹಲಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಡುವೆ ಎರಡು ಕೋಣೆಗಳಿವೆ, ಮೊದಲ ಕೋಣೆಯಿಂದ ಹಿಂದಿರುಗಲು ಅವಕಾಶವಿದೆ ಎಂದು ಆಯೋಜಕರು ತಿಳಿಸಿದ್ದಾರೆ. ಆದ್ದರಿಂದ ತಾಯಿಯವರು ಅಲ್ಲಿಯವರೆಗೆ ಬರುತ್ತಾರೆ. ಪ್ರಕಟಣೆಯಲ್ಲಿ “ಸಿಮೆಂಟನ್ನು ತೆಗೆದು ಸುಣ್ಣದ ಗಾರೆಯನ್ನು ಬಳಸಲಾಗಿದೆ” ಎಂಬ ಸಾಲಿದೆ. ಸಿಮೆಂಟು ಹೆಚ್ಚು ಗಟ್ಟಿಯಲ್ಲವೇ, ಗಟ್ಟಿಯಾದುದನ್ನು ಕಿತ್ತು ಮೆದುವಾದುದನ್ನು ಹಾಕುವುದೇಕೆ ಎಂದು ಮಗ ಕೇಳಿದ. ನನಗೆ ಉತ್ತರಿಸಲಾಗಲಿಲ್ಲ. ಇದನ್ನು ಅಲ್ಲಿ ಕಣ್ಣಾರೆ ತೋರಿಸಲು ಸಾಧ್ಯವೇ?

ಉತ್ತರ: ಗಾರೆಕೆಲಸದವನು

ನಿಮ್ಮ ಮಗ ಕೇಳಿದ್ದು ಈ ಇಡೀ ವಿಷಯದ ತಿರುಳನ್ನೇ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಹಳೆಯ ದಪ್ಪ ಗೋಡೆಯೊಳಗೆ ಸದಾ ಒಂದಿಷ್ಟು ತೇವ ಇದ್ದೇ ಇರುತ್ತದೆ. ಮಳೆಯಿಂದಲೂ ನೆಲದಿಂದಲೂ ಒಳಸೇರಿದ ಆ ನೀರು ಎಲ್ಲಿಂದಲಾದರೂ ಆವಿಯಾಗಿ ಹೊರಹೋಗಬೇಕು. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ನೀರು ಕಲ್ಲುಗಳ ನಡುವಿನ ಸಂದಿನ ಮೂಲಕವೇ ಹೊರಬರುತ್ತದೆ. ಅದರೊಂದಿಗೆ ಕರಗಿ ಬಂದ ಉಪ್ಪು ಆ ಗಾರೆಯಲ್ಲಿಯೇ ಹರಳುಗಟ್ಟುತ್ತದೆ. ಕಾಲಕ್ರಮದಲ್ಲಿ ಗಾರೆ ಉದುರುತ್ತದೆ, ಆಗ ಸಂದುಗಳಿಗೆ ಹೊಸ ಗಾರೆ ತುಂಬಿದರೆ ಸಾಕು. ಕಲ್ಲನ್ನು ಉಳಿಸಲು ಗಾರೆ ತಾನು ಸವೆಯುತ್ತದೆ ಎಂದು ಮಗನಿಗೆ ಹೇಳಿ. ಸಂದಿನಲ್ಲಿ ಸಿಮೆಂಟು ತುಂಬಿದಾಗ ಈ ಕ್ರಮ ತಿರುಗುಮುರುಗಾಗುತ್ತದೆ. ಸಿಮೆಂಟಿನ ಮೂಲಕ ನೀರು ಸುಲಭವಾಗಿ ಹೊರಬರಲಾರದ್ದರಿಂದ ಅದು ಕಲ್ಲಿನ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ, ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ ಅದರ ಮೇಲ್ಮೈಯನ್ನು ಹೊಪ್ಪಳೆ ಹೊಪ್ಪಳೆಯಾಗಿ ಎಬ್ಬಿಸುತ್ತದೆ. ಸಿಮೆಂಟಿನಿಂದಲೇ ಬರುವ ಉಪ್ಪಿನ ಅಂಶವೂ ಇದಕ್ಕೆ ಸೇರಿಕೊಳ್ಳುತ್ತದೆ. ಕೆಲವು ದಶಕ ಕಳೆದ ಮೇಲೆ ನೋಡಿದರೆ ಸಿಮೆಂಟಿನ ಗೆರೆಗಳು ಹಾಗೆಯೇ ಎದ್ದು ನಿಂತಿರುತ್ತವೆ, ಅವುಗಳ ನಡುವಿನ ಕಲ್ಲು ಒಳಕ್ಕೆ ಸವೆದು ಹೋಗಿರುತ್ತದೆ. ಎಲ್ಲಿಯಾದರೂ ಒಂದು ಮೂಲೆಯಲ್ಲಿ ಹಳೆಯ ಸಿಮೆಂಟನ್ನು ಬಿಟ್ಟಿದ್ದರೆ ಈ ದೃಶ್ಯವನ್ನು ನೀವು ನಿಜವಾಗಿಯೂ ಕಣ್ಣಾರೆ ಕಾಣಬಹುದು. ಸಿಮೆಂಟನ್ನು ತೆಗೆಯುವಾಗ ಕಲ್ಲಿನ ಅಂಚು ಒಡೆಯುವ ಅಪಾಯವಿದ್ದರೆ ಹಾಗೆ ಬಿಡುವುದು ವಾಡಿಕೆ.

ಇನ್ನೊಂದು ಕಾರಣವೂ ಇದೆ. ಎತ್ತರದ ಗೋಪುರ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಗಾಳಿಗೆ ಅತ್ಯಲ್ಪವಾಗಿ ಓಲಾಡುತ್ತದೆ. ಮೆದುವಾದ ಸುಣ್ಣದ ಗಾರೆ ಈ ಸಣ್ಣ ಚಲನೆಗಳನ್ನು ತಾಳಿಕೊಳ್ಳುತ್ತದೆ. ಗಡುಸಾದ ಸಿಮೆಂಟು ತಾಳಿಕೊಳ್ಳದೆ ಬಿರುಕು ಬಿಡುತ್ತದೆ ಅಥವಾ ಪಕ್ಕದ ಕಲ್ಲನ್ನು ಬಿರಿಸುತ್ತದೆ. ಆ ಬಿರುಕಿನಲ್ಲಿ ನೀರು ಒಳಸೇರುತ್ತದೆ, ಆದರೆ ಹೊರಬರುವ ದಾರಿ ಮುಚ್ಚಿರುತ್ತದೆ.

ಸುಣ್ಣದ ಕೆಲಸಕ್ಕೆ ಇಷ್ಟು ವರ್ಷ ಹಿಡಿಯುವುದೇಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲಿನ ರೂಪಕ್ಕೆ ಮರಳುವ ಮೂಲಕ ಗಟ್ಟಿಯಾಗುತ್ತದೆ. ಇದು ಬಹಳ ನಿಧಾನದ ಕ್ರಿಯೆ. ಬಿಸಿಲಿಗೆ ಬೇಗ ಒಣಗಿದರೂ ಕೆಡುತ್ತದೆ, ಗಟ್ಟಿಯಾಗುವ ಮೊದಲೇ ಹಿಮ ಅಥವಾ ಜಡಿಮಳೆ ತಗುಲಿದರೂ ಕೆಡುತ್ತದೆ. ಒದ್ದೆ ಗೋಣಿಯನ್ನು ಇಳಿಬಿಟ್ಟು ಅದನ್ನು ಕಾಯಬೇಕು. ಆದ್ದರಿಂದ ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಮಾಡಲು ಸಾಧ್ಯ. ಸಾರುವೆ ವರ್ಷಗಟ್ಟಲೆ ನಿಂತಿತ್ತು ಎಂದು ದೂರುವವರಿಗೆ ಈ ವಿಷಯವನ್ನು ಯಾರಾದರೂ ವಿವರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಪರೀಕ್ಷಿಸುವ ಕುತೂಹಲದಿಂದ ಮಗ ಗಾರೆಯನ್ನು ಉಗುರಿನಿಂದ ಕೆರೆಯದಿರಲಿ. ಒಬ್ಬೊಬ್ಬರು ಒಂದು ಚೂರು ಕೆರೆದರೂ ದಿನದ ಕೊನೆಗೆ ಸಂದೇ ಖಾಲಿಯಾಗುತ್ತದೆ. ಅದರ ಬದಲು ಗಾರೆ, ಕಲ್ಲು, ಉಳಿಗಳ ಮಾದರಿಗಳನ್ನು ಮೇಜಿನ ಮೇಲೆ ಇಟ್ಟಿದ್ದಾರೆಯೇ ಎಂದು ಕೇಳಿ. ಇಂಥ ದಿನಗಳಲ್ಲಿ ಕುಶಲಕರ್ಮಿಗಳು ಹಾಜರಿದ್ದು ಮಕ್ಕಳ ಕೈಗೆ ಉಳಿ ಕೊಟ್ಟು ಒಂದೆರಡು ಏಟು ಹಾಕಲು ಬಿಡುವುದುಂಟು.

ಉತ್ತರ: ಸುರುಳಿಮೆಟ್ಟಿಲು

ತಾಯಿಯವರ ವಿಷಯದಲ್ಲಿ ಒಳ್ಳೆಯ ತೀರ್ಮಾನ ಮಾಡಿದ್ದೀರಿ. ಅವರು ಮೊದಲ ಕೋಣೆಯಲ್ಲಿ ಕಾಯುವ ಹೊತ್ತಿಗೆ ಕುಳಿತುಕೊಳ್ಳಲು ಕುರ್ಚಿ ಬೇಕೆಂದು ಮುಂಚಿತವಾಗಿ ತಿಳಿಸಿ. ಕೇಳಿದರೆ ಖಂಡಿತ ಇಡುತ್ತಾರೆ, ಕೇಳದಿದ್ದರೆ ಇಕ್ಕಟ್ಟಿನ ಕೋಣೆಯಲ್ಲಿ ಯಾರೂ ತಾವಾಗಿ ಇಡುವುದಿಲ್ಲ.

ಸಮಯವನ್ನು ಆರಿಸಿಕೊಳ್ಳಲು ಅವಕಾಶವಿದ್ದರೆ ದಿನದ ಮೊದಲ ಗುಂಪಿನಲ್ಲಿಯೇ ಹೆಸರು ಬರೆಸಿ. ಆಗ ಓರೆ ಬಿಸಿಲಿನಲ್ಲಿ ಹೊರಗೋಡೆಯನ್ನು ನೋಡಿ, ಜನಸಂದಣಿ ಸೇರುವ ಮೊದಲೇ ಹತ್ತಿ ಇಳಿದು, ಬಳಿಕ ಮಾದರಿಗಳ ಮೇಜಿನ ಬಳಿ ಬೇಕಾದಷ್ಟು ಹೊತ್ತು ಕಳೆಯಬಹುದು. ಸ್ವಯಂಸೇವಕರೂ ಆ ಹೊತ್ತಿನಲ್ಲಿ ದಣಿದಿರುವುದಿಲ್ಲವಾದ್ದರಿಂದ ಮಗನ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರಿಸುತ್ತಾರೆ.